ಅಪ್ಪ ಇಟ್ಟ ಗಂಧದ ಬೊಟ್ಟು

ಸಾನಪಾಡಾ
೧೪ ಆಗಸ್ಟ್ ೨೦೧೧

ಅಮ್ಮಾ,

ನಿನಗೆ ಇಲ್ಲಿಂದಲೇ ನಮಸ್ಕಾರ. ಸಾನಪಾಡಾದಿಂದ ವರ್ತಕ ನಗರಕ್ಕೆ, ಇಷ್ಟು ಹತ್ತಿರಕ್ಕೂ ಕಾಗದವೇ ಎಂದು ನಗಬೇಡ. ಫೋನ್ ಮಾಡಿದರೆ ಹೋಟೆಲಿನ ಗಲ್ಲಾದಲ್ಲಿ ಕೂತ ಅಪ್ಪನೇ ಎತ್ತುತ್ತಾರೆ. ನನ್ನ ದನಿ ಕೇಳಿದ್ದೇ ಮಾತಿಲ್ಲದೆ ನಿನ್ನ ಕೈಗೆ ಕೊಡುತ್ತಾರೆ. ಒಂದು ವರ್ಷದಿಂದ ಇದೇ ಆಗಿದೆ. ತಪ್ಪು ನನ್ನದೇ.

ಕಳೆದ ವರ್ಷ ನಾನು ತಂದ ಆಕಾಶದ ಫೋಟೋ ನೆನಪಿದೆಯಲ್ಲ? ನಡುವೆ ಇದ್ದದ್ದು ಕಂದು ಕುಬ್ಜ: ನಕ್ಷತ್ರವಾಗಲು ಹೊರಟು, ಉರಿ ಸಾಲದೆ ಅರ್ಧಕ್ಕೇ ನಿಂತದ್ದು. ಅದು ಎಳೆಯದಾದರೆ ಅದರ ಗ್ರಹವೂ ಆಗಷ್ಟೇ ಇಳಿಸಿದ ಇಡ್ಲಿಯ ಹಾಗೆ ಬಿಸಿಯಾಗಿರುತ್ತದೆ. ಆ ಬಿಸಿಯಿಂದಲೇ ನಮ್ಮ ದೂರದರ್ಶಕದ ಕ್ಯಾಮೆರಾಕ್ಕೆ ಕಾಣುತ್ತದೆ. ಬಲಗಡೆಯ ಚುಕ್ಕಿಯೇ ಗ್ರಹವಿರಬೇಕು ಎಂದಿದ್ದೆ. ಅಪ್ಪ ಆ ಫೋಟೋಕ್ಕೆ ಕಟ್ಟು ಹಾಕಿಸಿ, ಹೋಟೆಲಿನಲ್ಲಿ ಕೃಷ್ಣನ ಪಟದ ಪಕ್ಕ ತೂಗುಹಾಕಿ, ಬೆಳಿಗ್ಗೆ ಊದುಬತ್ತಿ ಹಚ್ಚುವಾಗ ಒಂದು ಗಂಧದ ಬೊಟ್ಟೂ ಇಟ್ಟರು. ಇಟ್ಟದ್ದು ಮಾತ್ರ ಎಡಗಡೆಯ ಮಸುಕು ಚುಕ್ಕಿಗೆ.

ಗಿರಾಕಿಗಳ ಎದುರಿಗೇ ನಾನು, ಅದು ಕ್ಯಾಮೆರಾದ ದೋಷ, ತಿಳಿಯದಿದ್ದರೆ ಸುಮ್ಮನಿರಬಾರದೇ ಎಂದುಬಿಟ್ಟೆ. ಮೂವತ್ತು ವರ್ಷ ಉದ್ದಿನಲ್ಲಿ ಕಲ್ಲು ಹೆಕ್ಕಿದ ಕಣ್ಣು ನನ್ನದು, ಇದು ಕಲ್ಲಲ್ಲ ಮಗಾ ಎಂದರು ಅಪ್ಪ, ಮೆಲ್ಲಗೆ. ನಾನು ನಕ್ಕೆ. ಅವರು ಹೆಗಲ ಮೇಲಿನ ಬೈರಾಸಿನಿಂದ ಬೊಟ್ಟು ಒರೆಸಿದರು. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಕೆಲಸದಲ್ಲಿ ಒಂದು ಫೋಟೋ ಸಾಲದು. ಕುಬ್ಜ ಆಕಾಶದಲ್ಲಿ ಚೂರುಚೂರೇ ಸರಿಯುತ್ತದೆ. ವರ್ಷ ಬಿಟ್ಟು ಮತ್ತೆ ತೆಗೆದಾಗ ಜೊತೆಗೇ ಸರಿದದ್ದು ಅದರ ಸಂಗಾತಿ; ಇದ್ದಲ್ಲೇ ಉಳಿದದ್ದು ಹಿಂದೆಲ್ಲೋ ಇರುವ ದೂರದ ನಕ್ಷತ್ರ, ಅಷ್ಟೆ. ಮೊನ್ನೆ ಎರಡನೆಯ ಫೋಟೋ ಬಂತು. ನನ್ನ ಬಲಗಡೆಯ ಚುಕ್ಕಿ ಇದ್ದಲ್ಲೇ ಇದೆ. ಎರಡು ವರ್ಷದ ದುಡಿತ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅತ್ತುಬಿಟ್ಟೆ, ಮುಖ ತೊಳೆದೆ, ಊಟ ಮಾಡಿದೆ.

ಮಾತು ಬಿಟ್ಟರೂ ಅಪ್ಪ ಕನ್ನಡ ಸಂಘದವರಿಗೆ ಹೇಳಿ ಬರುವ ಭಾನುವಾರ ನನಗೆ ಶಾಲು ಹೊದಿಸುವ ಏರ್ಪಾಡು ಮಾಡಿದ್ದಾರಂತೆ. ತಮ್ಮ ಮನೀಶ ಹೇಳಿದ. ಸಿಗದ ಗ್ರಹಕ್ಕೆ ಶಾಲು ಬೇಡಮ್ಮ. ನೀನೇ ಅಪ್ಪನಿಗೆ ಹೇಳಿ ನಿಲ್ಲಿಸು. ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ.

ನಿನ್ನ
ಶ್ರೀಲಕ್ಷ್ಮಿ

ಮರೆತದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು: ಎಡಗಡೆಯ ಮಸುಕು ಚುಕ್ಕಿ ಎರಡನೆಯ ಫೋಟೋದಲ್ಲೂ ಇದೆ. ಕುಬ್ಜದ ಜೊತೆಗೇ ಸರಿದಿದೆ. ಪೂರ್ತಿ ಖಚಿತವಾಗಲು ಮೂರನೆಯ ಫೋಟೋ ಬೇಕು. ಆದರೆ ಇದನ್ನು ನೀನು ಅಪ್ಪನಿಗೆ ಹೇಳಬೇಡ. ಶನಿವಾರ ಬೆಳಿಗ್ಗೆ ತಿಂಡಿಗೆ ಜನ ತುಂಬಿರುವ ಹೊತ್ತಿಗೇ ಹೋಟೆಲಿಗೆ ಬರುತ್ತೇನೆ. ಸ್ವಲ್ಪ ಗಂಧ ತೇಯ್ದಿಟ್ಟಿರು.