ವೈಪರ್ ಬಿಡಿಸದೆ ಹೊರಡಬೇಡ

ಮಾಸ್ತಣ್ಣ,

ನಾನು ಹಳದೀಪುರಕ್ಕೆ ಗಂಗಕ್ಕನ ಹತ್ತಿರ ಹೊರಟೆ. ಸಂಜೆ ಅವಳನ್ನು ಹೆರಿಗೆಗೆ ಕುಮಟೆಗೆ ಕರೆದೊಯ್ಯಲು ನೀನು ಕಾರು ತರಬೇಕು. ಮಳೆ ಹಿಡಿದಿದೆ, ವೈಪರ್ ಇನ್ನೂ ಕಚ್ಚಿಕೊಂಡೇ ಇದೆ.

ದೋಣಿಗೆ ಬಳಿಯುವ ಮೀನೆಣ್ಣೆಯನ್ನು ನೀನು ಅದರ ಕೀಲಿಗೆ ಬಿಡುವಾಗಲೇ ನಾನು ಬೇಡವೆಂದೆ. "ದೋಣಿಗೆ ಆಗೂದು ಕಾರಿಗೆ ಎಂತಕ್ಕೆ ಆಗೂದಿಲ್ಲ ಮಾರಾಯ್ತಿ?" ಎಂದು ನೀನು ನಕ್ಕೆ. ಈಗ ಅದು ಒಣಗಿ ಅಂಟಾಗಿದೆ.

ರೇಷನ್ನಿನ ಚಿಮಣಿ ಎಣ್ಣೆ ಮಂಚದ ಕೆಳಗೆ ಕುಪ್ಪಿಯಲ್ಲಿದೆ. ಕೀಲಿಗೆ ಬಿಟ್ಟು ಅರ್ಧ ಗಂಟೆ ನೆನೆಸು. ಆಮೇಲೆ ಕಾರಿನೊಳಗೆ ವೈಪರ್ ತಿರುಗಿಸುವ ಹಿಡಿಯನ್ನು ಮೆಲ್ಲಗೆ ಆಚೀಚೆ ಆಡಿಸು. ಸಿಟ್ಟಿನಿಂದ ಎಳೆದರೆ ವೈಪರಿನ ಕಡ್ಡಿ ಮುರಿದೀತು. ಅಂಟು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಹಾಕು. ಗಾಜಿಗೆ ನೀರು ಎರಚಿ ನೋಡು.

ಮೊನ್ನೆ ಹೊಳೆಯ ಹತ್ತಿರ, ಕಾರು ದಾಟಿಸುವ ಜಂಗಲ್ ದೋಣಿಗೆ ಹತ್ತಿಸುವ ಇಳಿಜಾರಿನಲ್ಲಿ ನೀನು ಕೈ ಹೊರಗೆ ಹಾಕಿ ಗಾಜು ಒರೆಸುತ್ತಿದ್ದೆ. ಕಾರು ನಿಂತಾಗ ಗಾಲಿಗೂ ನೀರಿಗೂ ಒಂದು ಗೇಣು ಅಂತರ. ನೀನು ನೋಡಲಿಲ್ಲ. ಹಿಂದೆ ಕೂತ ನಾನು ನೋಡಿದೆ. ಅಂದಿನಿಂದ ಕಣ್ಣು ಮುಚ್ಚಿದರೆ ಅದೇ ನೀರು.

ಕಡ್ಡಿ ಆಡದಿದ್ದರೆ ಗಂಗಕ್ಕನನ್ನು ನಿನ್ನ ಕಾರಿಗೆ ಹತ್ತಿಸುವುದಿಲ್ಲ. ಬೊಮ್ಮಯ್ಯನಿಗೆ ಎತ್ತಿನ ಗಾಡಿ ಹೇಳಿಟ್ಟಿದ್ದೇನೆ. ನಿನ್ನ ಎದುರು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆದಿಟ್ಟು ಹೋಗುತ್ತಿದ್ದೇನೆ.

ತಿಮ್ಮಿ