ಹೊರಗೆ ನಿಲ್ಲಬೇಕಿತ್ತು

ಜೋಗೇಶ್ವರಿ,
ಗುರುವಾರ

ಮಾನ್ಯ ಸದಾನಂದಣ್ಣ,

ನಿನ್ನೆ ನಾನು ಇಡ್ಲಿ ಕೊಡಲು ದಾದರಿಗೆ ಹೋಗಿದ್ದಾಗ ನೀವು ಮನೆಯೊಳಗೆ ಬಂದು, ನೀವು ಕೊಟ್ಟ ಸಾಲಕ್ಕೆ ಅಡವೆಂದು ನನ್ನ ಗ್ರೈಂಡರ್ ಒಯ್ದಿರಿ. "ಅಮ್ಮ ಬರಲಿ ಅಂಕಲ್" ಎಂದು ಮಗಳು ಅತ್ತರೂ ಕೇಳಲಿಲ್ಲವಂತೆ.

ಚರ್ಚಿನ ಬೈಬಲ್ ಪಾಠದಲ್ಲಿ ನೀವೇ ಕಲಿಸಿದ್ದಿರಿ: ಹೀಬ್ರೂವಿನ 'ಮಶ್ಶಾಆ' ಎಂದರೆ ನೆರೆಯವನಿಗೆ ಕೊಟ್ಟ ಸಾಲ, ಅದಕ್ಕೆ ಅಡವು ಬೇಕಾದರೆ ಕೊಟ್ಟವನು ಅವನ ಮನೆಯೊಳಗೆ ಹೋಗದೆ ಹೊರಗೇ ನಿಲ್ಲಬೇಕು, ಬೀಸುವ ಕಲ್ಲನ್ನಂತೂ ಅಡವು ಹಿಡಿಯಲೇಬಾರದು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.

ಸಾಲವನ್ನು ಖಂಡಿತ ತೀರಿಸುತ್ತೇನೆ, ಆದರೆ ಇಡ್ಲಿ ಮಾರಿಯೇ ತೀರಿಸಬೇಕು. ದಯವಿಟ್ಟು ಶನಿವಾರದೊಳಗೆ ಗ್ರೈಂಡರ್ ತಲುಪಿಸಿ. ಇಲ್ಲವಾದರೆ ಭಾನುವಾರದ ಪಾಠಕ್ಕೆ ನನಗಾಗಿ ಕಾಯಬೇಡಿ. ಪಕ್ಕದ ಮನೆಯ ರುಬ್ಬುವ ಕಲ್ಲಿನ ಮುಂದೆ ಕುಳಿತು ಕೈಯಲ್ಲೇ ಹಿಟ್ಟು ರುಬ್ಬುತ್ತಿರುತ್ತೇನೆ.

ಇತಿ,
ಶೀಲಾವತಿ