ಬೆನ್ನ ಮೇಲೆ ಹೊಲಿದ ಮಾತು

ಫಾರೆಸ್ಟ್ ಲೇಕ್, ಬ್ರಿಸ್ಬೇನ್
೧೪ ಜೂನ್ ೨೦೨೫

ಪ್ರೀತಿಯ ತಂಗಿ ಭಾನುಮತಿಗೆ ಅಕ್ಕನ ಆಶೀರ್ವಾದಗಳು.

ಅಡಿಲೇಡಿನ ಚಳಿಗೆ ನಿನ್ನ ಮಂಡಿನೋವು ಹೇಗಿದೆ? ನಿನ್ನ ಯಜಮಾನರು ಈರಣ್ಣನವರ ಸಕ್ಕರೆ ಕಾಯಿಲೆ ಹತೋಟಿಗೆ ಬಂತೇ? ಪರ್ತಿನ ಬೆಂಟ್ಲಿಯಲ್ಲಿ ಓದುತ್ತಿರುವ ನಿನ್ನ ಮಗ ಶ್ರೀಹರಿಗೆ ಕೆಮ್ಮು ಬಿಟ್ಟಿತೇ? ತಿಂಗಳಾಯಿತು, ಬರೆಯಲಿಲ್ಲ. ಸಿಟ್ಟಾಗಬೇಡ. ಪೆನ್ನು ಹಿಡಿದರೆ ಅಂಗಡಿಯಲ್ಲಿ ನಡೆದದ್ದೇ ಕಣ್ಣಿಗೆ ಬರುತ್ತಿತ್ತು.

ಕಾರು ಅಪಘಾತದ ನಂತರ ಮೊಮ್ಮಗಳು ಪ್ರೇರಣಾ ಜನರ ನಡುವೆ ನಿಂತರೆ ನಡುಗುತ್ತಾಳೆಂದು ಬರೆದಿದ್ದೆನಲ್ಲ. ಅವಳ ನಾಯಿ ‘ಬೆಲ್ಲ’ ತೊಡೆಯ ಮೇಲೆ ತಲೆಯಿಟ್ಟರೆ ನಡುಕ ನಿಲ್ಲುತ್ತದೆ. ಮನಸ್ಸಿಗೆ ಸಪೋರ್ಟ್ ಎಂದು ಡಾಕ್ಟರೂ ಬರೆದುಕೊಟ್ಟರು. ಸಪೋರ್ಟೋ ಸರ್ವಿಸೋ, ನನಗೆ ಎರಡೂ ಸೇವೆಯೇ. ಕೆಂಪು ಬಟ್ಟೆಯಲ್ಲಿ ಅದಕ್ಕೊಂದು ಕೋಟು ಹೊಲಿದು, ಬೆನ್ನಿಗೆ ‘ಸರ್ವಿಸ್ ಡಾಗ್’ ಎಂದು ಇಂಗ್ಲಿಷಿನಲ್ಲಿ ಕಸೂತಿ ಹಾಕಿದೆ.

“ಅಜ್ಜಿ, ದಟ್ಸ್ ಚೀಟಿಂಗ್!” ಎಂದು ನಕ್ಕಳು.

“ಯಾಕೆ, ನಿನ್ನ ಸೇವೆ ಮಾಡಲ್ವೇನೇ ಅದು?” ಎಂದೆ.

ಆ ಕೋಟಿನ ಬಲದಿಂದ ವರ್ಷದ ಮೇಲೆ ಮೊದಲ ಸಲ ಅವಳು ನನ್ನ ಜೊತೆ ಅಂಗಡಿಯೊಳಗೆ ಕಾಲಿಟ್ಟಳು. ತರಕಾರಿ ಸಾಲಿನಲ್ಲಿ ಕಣ್ಣು ಕಾಣದ ಹಿರಿಯರೊಬ್ಬರು ದಾರಿ ತೋರಿಸುವ ತಮ್ಮ ನಾಯಿಯ ಬೆನ್ನಿನ ಹಿಡಿಕೆ ಹಿಡಿದು ಎದುರಾದರು. ಬೆಲ್ಲ ಹಗ್ಗ ಕಿತ್ತುಕೊಂಡು ಹಾರಿತು. ಆ ನಾಯಿಯ ಕತ್ತಿಗೇ ಬಾಯಿ ಹಾಕಿ ಜಗ್ಗಿತು. ಚರ್ಮ ಹರಿದ ಸದ್ದು ಕೇಳಿಸಿತು, ಭಾನು. ನೆಲವೆಲ್ಲ ರಕ್ತ. ಅದು ತಿರುಗಿ ಕಚ್ಚಲೇ ಇಲ್ಲ; ಯಜಮಾನನ ಕಾಲಿಗೆ ಒತ್ತಿಕೊಂಡೇ ನಿಂತಿತ್ತು. “ಏನಾಗ್ತಿದೆ? ಯಾರಾದ್ರೂ ಹೇಳಿ!” ಎಂದು ಇಂಗ್ಲಿಷಿನಲ್ಲಿ ಕಿರುಚುತ್ತ ಅವರು ರಕ್ತದಲ್ಲಿ ಜಾರಿಬಿದ್ದರು, ಮಣಿಕಟ್ಟು ಮುರಿಯಿತು. ನಾನು ಕುಂಬಳಕಾಯಿ ಎತ್ತಿ ಬೆಲ್ಲದ ತಲೆಗೆ ಚಚ್ಚಿದೆ. ಮೂರನೆಯ ಏಟಿಗೆ ಬಾಯಿ ಬಿಟ್ಟಿತು.

ಮಗಳು ಅಪರ್ಣಾ ಸಿಡಿದಳು: “ಅಮ್ಮ, ಆ ನಾಯಿಗೆ ವರ್ಷಗಟ್ಟಲೆ ಟ್ರೈನಿಂಗ್ ಕೊಟ್ಟಿರ್ತಾರೆ, ಅದಕ್ಕೆ ಒಳಗೆ ಬರೋ ಹಕ್ಕಿದೆ. ನಮ್ಮದು ಮನೇಲಿ ಸಮಾಧಾನ ಮಾಡೋ ನಾಯಿ ಅಷ್ಟೇ. ಕಸೂತಿ ಹಾಕಿದ್ರೆ ಟ್ರೈನಿಂಗ್ ಆಗ್ಬಿಡುತ್ತಾ?”

ಆ ನಾಯಿ ಬದುಕಿದೆ. ಇನ್ನು ಕೆಲಸಕ್ಕೆ ಬರುವುದಿಲ್ಲವಂತೆ. ಬೆಲ್ಲವನ್ನು ನಗರಸಭೆಯ ಕೌನ್ಸಿಲಿನವರು ಒಯ್ದರು. ಮೊದಲೂ ಯಾರನ್ನಾದರೂ ಕಚ್ಚಿತ್ತೇ ಎಂದು ಕೇಳಿದ್ದಾರೆ. ಕಚ್ಚಿದ್ದರೆ ಜೀವ ಉಳಿಸುವುದಿಲ್ಲವಂತೆ. ಪ್ರೇರಣಾ “ನೆವರ್” ಎಂದು ಬರೆದುಕೊಟ್ಟಳು. ಬೆಲ್ಲವಿಲ್ಲದೆ ಅವಳಿಗೆ ನಿದ್ದೆಯಿಲ್ಲ, ಕೂಳು ಸೇರುತ್ತಿಲ್ಲ.

ನಿಮ್ಮೆಲ್ಲರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಪಾರ್ವತಿ

ತಾ.ಕ.: ಯುಗಾದಿಯ ವಾರ ಬೆಲ್ಲ ನನ್ನ ತೋಳು ಕಚ್ಚಿತ್ತು. ಏಳು ಹಲ್ಲಿನ ಗುರುತು. ಅದರಿಂದಲಾದರೂ ಪ್ರೇರಣಾ ನಿದ್ದೆ ಮಾಡುತ್ತಿದ್ದಾಳಲ್ಲ ಎಂದು ಉದ್ದ ತೋಳಿನ ರವಿಕೆ ತೊಟ್ಟು ಮುಚ್ಚಿಟ್ಟೆ. ನಿನ್ನೆ ಆ ಗುರುತನ್ನು ಕೌನ್ಸಿಲಿನವರಿಗೆ ತೋರಿಸಿಬಂದೆ. ಪ್ರೇರಣಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನಾದರೂ ಬೇಗ ಬರೆ.